ಒಂದನೇ ನಂಬರಿನ ಸೀಟು

ಮಾರ್ಚ್ 3, ಸೋಮವಾರ. ಬೆಳಿಗ್ಗೆ
ಕ್ಲಿನಿಕ್ಕಿನ ಬಟ್ಟೆಯ ಮೂಟೆ ಕಟ್ಟಿ ಆಯಿತು. ಲಾಡ್ಜಿನ ಬೆಡ್‌ಶೀಟ್ ಇನ್ನೂ ಹಸಿ. ಡೆಲಿವರಿಗೆ ನಾನೇ ಹೋಗಬೇಕು. ಬೇರೆಯವರನ್ನು ಕಳಿಸಿದರೆ ಗಿರಾಕಿಗಳಿಗೆ ಸದರವಾಗುತ್ತದೆ. ಈ ಲಾಂಡ್ರಿ ನಿಂತಿರುವುದು ನನ್ನ ಮುಖದ ಮೇಲೆ, ಸೋಪಿನ ಮೇಲಲ್ಲ.
ಇಸ್ತ್ರಿ ಮೇಜು ಎತ್ತರವಾಗಿಬಿಟ್ಟಿದೆ. ತೋಳು ನೋಯುತ್ತದೆ. ಬಡಗಿಯನ್ನು ಕರೆಸಿದೆ. ಅಳೆದು ನೋಡಿ, "ಮೇಜು ಇದ್ದ ಹಾಗೇ ಇದೆ ಅಮ್ಮ" ಅಂದ. ಹಾಗಾದರೆ ನೆಲ ಕುಸಿದಿರಬೇಕು. ಕಾಲು ಒಂದಿಂಚು ಕೊಯ್ದು ಹೋಗು ಅಂದೆ. "ಯಾರ ಕಾಲು?" ಅಂತಾನೆ. ತಲೆಹರಟೆ.

ಅದೇ ದಿನ, ಸಂಜೆ
ಕಾರಿನಲ್ಲೂ ಏನೋ ಎಡವಟ್ಟು. ಹೋದ ವರ್ಷ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಮುಂದಿನ ಎರಡೂ ಸೀಟಿಗೆ ಮೋಟಾರು. ಡ್ರೈವರ್ ಬಾಗಿಲ ಮೇಲೆ ಒಂದು, ಎರಡು, ಸೆಟ್ ಅಂತ ಮೂರು ಬಟನ್. ಒಂದು ನನ್ನದು, ಎರಡು ಮಗನದು. ಒಂದು ಒತ್ತಿದರೆ ಸೀಟು ಗುಂಯ್ ಅಂತ ಬಂದು ನನ್ನ ಜಾಗದಲ್ಲಿ ನಿಲ್ಲುತ್ತದೆ. ಹೇಳಿದ್ದನ್ನು ಒಂದೇ ಸಲಕ್ಕೆ ಕೇಳುವುದು ಈ ಮನೆಯಲ್ಲಿ ಅದೊಂದೇ.
ಇವತ್ತು ಒತ್ತಿದೆ — ಸ್ಟೇರಿಂಗ್ ಎದೆಗೆ ಹತ್ತಿರ ಬಂತು. ಯಾರೋ ಮುಟ್ಟಿದ್ದಾರೆ.

ಮಾರ್ಚ್ 5
ಇನ್ನೂ ಹತ್ತಿರ.
ಊಟಕ್ಕೆ ಕೂತಾಗ ಕೇಳಿದೆ. ಮಗ ನಕ್ಕ. "ನಾನು ಹಾಗೆ ಕೂತ್ರೆ ಮೊಣಕಾಲು ಗಲ್ಲಕ್ಕೆ ಬಡಿಯುತ್ತೆ. ನಾನ್ಯಾಕಮ್ಮ ಮುಂದೆ ತರಲಿ?" ಅಷ್ಟಕ್ಕೆ ಬಿಡಲಿಲ್ಲ. ಲಾಡ್ಜಿನ ಗೇಟಿಗೆ ಹೋದ ತಿಂಗಳು ಕಾರು ತಾಗಿದ್ದನ್ನು ಮತ್ತೆ ಎತ್ತಿದ. "ಇನ್ನೊಂದು ಗೀರು ಬಿದ್ರೆ ಬೀಗದಕೈ ನನ್ನ ಹತ್ರ. ಡ್ರೈವರ್ ಇಡೋಣ."
ಡ್ರೈವರ್ ಅಂತೆ! ನಾನು ಮೂಟೆಯ ಹಾಗೆ ಹಿಂದೆ ಕೂರಬೇಕಂತೆ.
ಸೊಸೆ ಬಡಿಸುತ್ತಲೇ ಇದ್ದಳು. ಮದುವೆಗೆ ಮುಂಚೆ ಡ್ರೈವಿಂಗ್ ಕಲಿತವಳು. ಈ ಗಾಡಿಯನ್ನು ನಾನು ಕೊಟ್ಟಿಲ್ಲ. ಕದ್ದು ಓಡಿಸುತ್ತಿದ್ದಾಳೆಯೇ? ಆದರೆ ಅವಳು ನನಗಿಂತ ಒಂದು ತಲೆ ಎತ್ತರ. ಓಡಿಸಿದ್ದರೆ ಸೀಟು ಹಿಂದಕ್ಕೆ ಹೋಗಬೇಕಿತ್ತು. ನನಗಿಂತ ಕುಳ್ಳಗಿರುವವರು ಈ ಮನೆಯಲ್ಲಿ ಯಾರೂ ಇಲ್ಲ.
ಮತ್ತೆ ಮುಂದಕ್ಕೆ ಯಾಕೆ?
ಕೂತಲ್ಲಿ ಕೂರಲಾಗಲಿಲ್ಲ. ಮೂರು ಸಲ ಹೋಗಿ ಕಾರು ನೋಡಿ ಬಂದೆ.

ಮಾರ್ಚ್ 8
ಆಟೋ ಎಲೆಕ್ಟ್ರಿಷಿಯನ್ ಬಂದ. ಎಲ್ಲರೂ ಕರೆಯುವುದು ವೈರಣ್ಣ ಅಂತ. ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟ. ಬಗ್ಗಿ ನೋಡಿ ಅಂದ, ಬಗ್ಗಿದೆ. ಸೀಟಿನ ಕೆಳಗೆ ಎರಡು ಹಳಿ. ಪ್ರತಿ ಹಳಿಯೊಳಗೂ ಉದ್ದನೆಯ ತಿರುಪು. ನಡುವೆ ಒಂದು ಮೋಟಾರು, ಎರಡು ತಿರುಪನ್ನೂ ಒಟ್ಟಿಗೆ ತಿರುಗಿಸುತ್ತದೆ. ತಿರುಪು ತಿರುಗಿದ ಹಾಗೆ ಸೀಟು ತೆವಳುತ್ತದೆ. ಎತ್ತರಕ್ಕೆ ಬೇರೆ ಮೋಟಾರು, ಬೆನ್ನು ಒರಗಲು ಇನ್ನೊಂದು.
"ಮತ್ತೆ ನನ್ನ ಜಾಗ ಅದಕ್ಕೆ ಹೇಗೆ ಗೊತ್ತು?"
"ಮೋಟಾರು ಎಷ್ಟು ಸುತ್ತು ತಿರುಗ್ತು ಅಂತ ಲೆಕ್ಕ ಇಟ್ಕೊಳುತ್ತೆ."
"ಲೆಕ್ಕ ತಪ್ಪಿರಬೇಕು."
ಎರಡು ಕಡೆಯ ಕೊನೆಗೂ ಓಡಿಸಿ ನೋಡಿದ. "ತಪ್ಪಿಲ್ಲ ಅಮ್ಮ. ಸೆಟ್ ಒತ್ತಿ, ಆಮೇಲೆ ಒಂದು ಒತ್ತಿದ್ರೇನೇ ಬದಲಾಗೋದು. ತಾನಾಗೇ ಆಗಲ್ಲ. ಯಾರೋ ಬೇಕು ಅಂತಲೇ ಮಾಡಿದ್ದು."
ಬೇಕು ಅಂತಲೇ.

ಮಾರ್ಚ್ 9, ಮಧ್ಯಾಹ್ನ
ನಮ್ಮ ಲಾಂಡ್ರಿಯಲ್ಲಿ ಒಂದು ಕಟ್ಟಳೆ. ಬಟ್ಟೆ ಮುಟ್ಟಿದವರು ಅಂಚಿನಲ್ಲಿ ತಮ್ಮ ಗುರುತು ಹಾಕಬೇಕು, ತೊಳೆದರೂ ಹೋಗದ ಮಸಿಯಲ್ಲಿ. ಕಲೆ ಉಳಿದರೆ, ಇಸ್ತ್ರಿ ಸುಟ್ಟರೆ, ಯಾರನ್ನೂ ಕೇಳುವ ಹಾಗಿಲ್ಲ — ಗುರುತೇ ಹೇಳುತ್ತದೆ. ಕಟ್ಟಳೆ ಮಾಡಿದವಳು ನಾನು. ನನ್ನದು ಕತ್ತರಿ ಗುರುತು.
ಆ ಮಸಿಯನ್ನೇ ಒಯ್ದೆ. ಒಂದು ಒತ್ತಿ ಸೀಟು ನಿಲ್ಲಿಸಿದೆ. ಮಂಡಿಯೂರಿ, ಸೀಟಿನ ಅಂಚು ಮುಟ್ಟುವ ಕಡೆ ಹಳಿಯ ಮೇಲೆ ಕತ್ತರಿ ಹಾಕಿದೆ. ಏಳುವಷ್ಟರಲ್ಲಿ ಸಾಕುಸಾಕಾಯಿತು.
ಈಗ ಸಿಕ್ಕಿಬೀಳಲಿ.

ಮಾರ್ಚ್ 10
ಅಲ್ಲೇ ಇದೆ.

ಮಾರ್ಚ್ 11
ಅಲ್ಲೇ ಇದೆ. ಪಿತ್ತ ನೆತ್ತಿಗೇರಿದೆ. ಗಂಜಿ ಹೆಚ್ಚಾಯಿತು ಅಂತ ಕೆಲಸದವಳಿಗೆ ಬೈದೆ. ಗಂಜಿ ಸರಿಯಾಗಿಯೇ ಇತ್ತು.

ಮಾರ್ಚ್ 16
ಕ್ಲಿನಿಕ್ಕಿನ ತಿರುವಿನಲ್ಲಿ ಸೈಕಲ್ಲಿನವನು ಅಡ್ಡ ಬಂದ. ಬ್ರೇಕ್ ತುಳಿದೆ. ಪಾದ ಪೂರ್ತಿ ಸಿಗಲಿಲ್ಲ… ಸೊಂಟ ಜಾರಿಸಿ ಮುಂದೆ ಹೋಗಿ ತುಳಿದೆ. ಗಾಡಿ ನಿಂತಿತು. ಅವನ ಹಿಂದಿನ ಚಕ್ರಕ್ಕೂ ನನಗೂ ನಡುವೆ ಒಂದು ಗೇಣು. ಹಿಂದಿದ್ದ ಮೂಟೆಗಳೆಲ್ಲ ಉರುಳಿದವು.
"ಅಜ್ಜಿ, ಕಣ್ಣು ಕಾಣಲ್ವಾ?" ಅಂದ. ಕಣ್ಣು ಚೆನ್ನಾಗೇ ಕಾಣುತ್ತದೆ.
ಮನೆಯಲ್ಲಿ ಹೇಳಿಲ್ಲ. ಮೂಟೆ ಇಳಿಸಿದ್ದು ಸೊಸೆ. ಚೆಲ್ಲಾಪಿಲ್ಲಿಯಾದದ್ದು ನೋಡಿದಳು. ನನ್ನನ್ನು ನೋಡಿದಳು. ಮೂಟೆಗಳನ್ನು ಮತ್ತೆ ಕಟ್ಟಿದಳು.
ಇವತ್ತು ಅಕ್ಷರ ಸೊಟ್ಟ.

ಮಾರ್ಚ್ 17, ಬೆಳಿಗ್ಗೆ
ಸಿಕ್ಕಿತು.
ಒಂದು ಒತ್ತಿದೆ. ಸೀಟಿನ ಅಂಚು ನನ್ನ ಕತ್ತರಿ ದಾಟಿ ಒಂದು ಬೆರಳು ಮುಂದೆ. ಅಲ್ಲಿ ಇನ್ನೊಂದು ಗುರುತು. ಅದೇ ಮಸಿ. ಕೊಕ್ಕೆ, ಕೊಕ್ಕೆಯೊಳಗೆ ಚುಕ್ಕೆ.
ಸೊಸೆಯದು. ಸಾವಿರ ಬೆಡ್‌ಶೀಟಿನ ಮೇಲೆ ನೋಡಿದ್ದೇನೆ.
ಅಲ್ಲಿಂದಲೇ ಕೂಗಿದೆ. ಕೈ ಒರೆಸಿಕೊಳ್ಳುತ್ತ ಬಂದಳು.
"ಇದು ಯಾರದು?"
"ನನ್ನದೇ ಅತ್ತೆ. ಮುಟ್ಟಿದವರು ಗುರುತು ಹಾಕ್ಬೇಕು ಅಂತ ನೀವೇ ಹೇಳಿದ್ದಲ್ವಾ?"
"ನನ್ನ ನಂಬರಿಗೆ ಕೈ ಹಾಕೋಷ್ಟು ಧೈರ್ಯ ಬಂತಾ ನಿನಗೆ?"
"ಬ್ರೇಕ್ ತುಳಿಯುವಾಗ ನಿಮ್ಮ ಬೆನ್ನು ಸೀಟು ಬಿಡುತ್ತೆ. ತುದಿಬೆರಳಲ್ಲಿ ತುಳೀತೀರಿ. ಆ ಗೇಟಿಗೆ ತಾಗಿದ್ದೂ ಅದಕ್ಕೇ. ನಿಮಗೆ ಹೇಳಿದ್ರೆ ಒಪ್ಪಲ್ಲ. ಅವರಿಗೆ ಹೇಳಿದ್ರೆ ಬೀಗದಕೈ ಕಿತ್ಕೋತಾರೆ. ಅದಕ್ಕೇ ಸ್ವಲ್ಪ ಸ್ವಲ್ಪವೇ…"
"ಕಳ್ಳಿ ಹಾಗೆ."
"ಕಳ್ಳಿ ಸಹಿ ಹಾಕಿ ಹೋಗ್ತಾಳಾ ಅತ್ತೆ?"
ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇಸ್ತ್ರಿ ಮೇಜಿನ ಕಾಲು ಕೊಯ್ಸಿದ್ರಲ್ಲ, ಅದೂ…"
"ಸಾಕು. ಬಾಯ್ಲರ್ ನೋಡು ಹೋಗು."

ಮಾರ್ಚ್ 18
ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ನಿಂತೆ. ನಾನೇ ಕಟ್ಟಿಸಿದ ಹಗ್ಗ, ನನ್ನ ಕೈಯಳತೆಗೆ. ಕೈ ಚಾಚಿದೆ.
ಬೆರಳು ತಾಗಲಿಲ್ಲ.
ನೆಲವೂ ಕುಸಿದಿಲ್ಲ, ಮೇಜೂ ಬೆಳೆದಿಲ್ಲ.

ಮಾರ್ಚ್ 21
ಎರಡು ದಿನ ಬರೆಯಲಿಲ್ಲ. ಇವತ್ತು ಒಬ್ಬಳೇ ಕಾರಿನಲ್ಲಿ ಕೂತೆ. ಸ್ವಿಚ್ ಮುಂದಕ್ಕೆ ಒತ್ತಿ ಹಿಡಿದೆ. ತೆವಳಿತು, ತೆವಳಿತು… ಗಕ್ಕನೆ ನಿಂತಿತು. ಇನ್ನು ಹಳಿ ಇಲ್ಲ. ಬ್ರೇಕ್ ಪೂರ್ತಿ ಸಿಕ್ಕಿತು, ಬೆನ್ನೂ ಸೀಟು ಬಿಡಲಿಲ್ಲ. ಆದರೆ ಸ್ಟೇರಿಂಗ್ ಎದೆಗೆ ಒತ್ತುತ್ತಿದೆ. ಗುದ್ದಿದರೆ ಒಳಗಿನ ಗಾಳಿಚೀಲ ಸಿಡಿಯುತ್ತದೆ, ಎದೆಗೂ ಅದಕ್ಕೂ ಗೇಣಿಗಿಂತ ಹೆಚ್ಚು ಜಾಗ ಬೇಕು ಅಂತ ವೈರಣ್ಣ ಆವತ್ತೇ ಹೇಳಿದ್ದ. ಹಿಂದೆ ಸರಿದರೆ ಕಾಲು ಎಟುಕದು. ಸೀಟು ಏರಿಸಿದರೂ ಕಾಲು ಎಟುಕದು. ಇಳಿಸಿದರೆ ರಸ್ತೆ ಕಾಣದು. ಅತ್ತ ದರಿ, ಇತ್ತ ಪುಲಿ.
ಆ ಸೈಕಲ್ಲಿನವನು ಕಣ್ಣ ಮುಂದೆ ಬಂದ. ಇಳಿದೆ.

ಮಾರ್ಚ್ 23, ಭಾನುವಾರ
ಸೊಸೆಯನ್ನು ಕರೆದೆ. "ಲೈಸೆನ್ಸ್ ಎಲ್ಲಿ?"
"ಬೀರುವಿನಲ್ಲಿ."
"ತಗೊಂಡು ಬಾ. ಕೂರು."
ಕೂತಳು. ಸೀಟು ಹಿಂದಕ್ಕೆ ಸರಿಸಿಕೊಂಡಳು. ಮಾರ್ಕೆಟ್ ತನಕ ಓಡಿಸು ಅಂದೆ. ಓಡಿಸಿದಳು. ತಿರುವಿನಲ್ಲಿ ಸ್ವಲ್ಪ ಅವಸರ. ಉಳಿದಂತೆ… ಪರವಾಗಿಲ್ಲ.
"ಸೆಟ್ ಒತ್ತು. ಈಗ ಎರಡು ಒತ್ತು."
"ಅಯ್ಯೋ, ಅದು ಅವರದ್ದು!"
"ಅವನಿಗೆ ಕೈ ಇದೆ. ಬೇಕಾದಾಗ ಸರಿಸ್ಕೊಳ್ಳಲಿ. ಒಂದು ನನ್ನದೇ. ಅದನ್ನ ಮುಟ್ಟಿದ್ರೆ ಜೋಕೆ."
ಮಸಿ ಕೊಟ್ಟೆ. ಹೊಸ ಜಾಗದಲ್ಲಿ ಕೊಕ್ಕೆ ಹಾಕಿದಳು. ಅದರ ಪಕ್ಕದಲ್ಲೇ ನಾನು ಕತ್ತರಿ ಹಾಕಿದೆ.
ಪಕ್ಕದ ಸೀಟಿಗೂ ಮೋಟಾರಿದೆ. ನೆನಪಿನ ಬಟನ್ ಮಾತ್ರ ಇಲ್ಲ. ಕೂತು ಮೇಲಕ್ಕೆ ಒತ್ತಿದೆ, ಮೇಲಕ್ಕೆ… ಸೊಸೆಗಿಂತ ಎರಡು ಬೆರಳು ಎತ್ತರ ಬಂದ ಮೇಲೆ ಬಿಟ್ಟೆ. ಗಿರಾಕಿಗಳಿಗೆ ಮೊದಲು ಕಾಣಬೇಕಾದದ್ದು ನನ್ನ ಮುಖ.
ನಗು ತಡೆಯಲು ಅವಳು ಕನ್ನಡಿ ಸರಿಮಾಡಿಕೊಂಡಳು. ನೋಡಿದೆ. ನೋಡದ ಹಾಗೆ ಇದ್ದೆ.

ಮಾರ್ಚ್ 24, ಬೆಳಿಗ್ಗೆ
ಹೊರಗಿನಿಂದ ಮಗನ ಕೂಗು. ಗಾಡಿ ತೆಗೆಯಲು ಕೂತು ಎರಡು ಒತ್ತಿದ್ದಾನೆ. ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡಿದೆ. "ಅಮ್ಮಾ! ನನ್ನ ಸೀಟು ಯಾರು ಮುಟ್ಟಿದ್ದು?"
ಕಿಟಕಿಯಿಂದಲೇ ಹೇಳಿದೆ. "ಹಳಿ ನೋಡು. ಗುರುತು ಇದೆ."
ಬಗ್ಗಿ ನೋಡಿದ, ಕೊಕ್ಕೆಯ ಪಕ್ಕದಲ್ಲೇ ನನ್ನ ಕತ್ತರಿ. ಬಂದು ಬೀಗದಕೈಯನ್ನು ಸೊಸೆಯ ಕೈಗೆ ಕೊಟ್ಟು ಹೋದ.
ಮೂಟೆ ಹಾಕಿ ಆಯಿತು. ಮೊದಲು ಕ್ಲಿನಿಕ್ಕು, ಆಮೇಲೆ ಲಾಡ್ಜು. ಅಗೋ ಹಾರ್ನ್. ನನಗೇ ಹಾರ್ನ್ ಮಾಡುತ್ತಾಳೆ! ಇರಲಿ, ಹೋಗಿ ವಿಚಾರಿಸಿಕೊಳ್ಳುತ್ತೇನೆ. ಕ್ಲಿನಿಕ್ಕಿನ ತಿರುವು ಬರುವ ಮೊದಲೇ ಅವಳಿಗೆ ಒಂದು ಮಾತು ಹೇಳಬೇಕು, ಅಲ್ಲಿ ಸೈಕಲ್ಲಿನವರು ಎಡಗಡೆಯಿಂದ… ಮತ್ತೆ ಹಾರ್ನ್! ಬಂದೆ.