ಇವತ್ತೇ ಮಂಡನೆ, ಇವತ್ತೇ ಮಾತುಕತೆ

ಝೋಡ್ವಾ,

ನಾನು ಡರ್ಬನ್ನಿಗೆ, ಯೂನಿವರ್ಸಿಟಿಗೆ ಹೊರಟೆ. ದೊಡ್ಡಪ್ಪ ಎದ್ದ ಕೂಡಲೇ ಕೂಗಾಡುತ್ತಾರೆ, ಕೂಗಾಡಲಿ. ಇವತ್ತು ನನ್ನ ಸಂಶೋಧನಾ ವರದಿಯ ಮಂಡನೆ ಎಂದು ಎಷ್ಟು ಸಲ ಹೇಳಿದ್ದೆ! ಆದರೂ ನನ್ನ ಕೈಹಿಡಿಯುವ ಸಿಬೊನೆಲೊ ಮನೆಯವರನ್ನು, ಹೆಣ್ಣಿಗೆ ಅವರು ಕೊಡಬೇಕಾದ ತೆರದ ಮಾತುಕತೆಗೆ ಇವತ್ತೇ ಕರೆದರು. "ಬಿ.ಕಾಂ. ಆಯ್ತಲ್ಲಮ್ಮ, ಇನ್ನೆಂಥಾ ಆನರ್ಸು? ನಾಲ್ಕು ದನ ಜಾಸ್ತಿ ಕೇಳೋಕೆ ಅಷ್ಟು ಸಾಕು ಬಿಡು" ಅಂತೆ. ಪರೀಕ್ಷೆಗಳೆಲ್ಲ ಪಾಸಾದರೂ ವರದಿ ಮಂಡಿಸದೆ ಆನರ್ಸ್ ಪದವಿ ಕೊಡುವುದಿಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಯಿತು.

ಒಲೆಯ ಮೇಲೆ ಹಬೆಯಲ್ಲಿ ಬ್ರೆಡ್ ಬೇಯುತ್ತಿದೆ. ಮುಚ್ಚಳ ತೆಗೆದು ಇಣುಕಬೇಡ, ಕುಸಿದುಬಿಡುತ್ತದೆ. ಶುಂಠಿ ಬಿಯರ್ ಸೋಸಿಡು. ನನ್ನ ಕಂಬಳಿ ಹಾಸಿಗೆಯ ಮೇಲಿರಲಿ, ಬಂದವಳೇ ಪದ್ಧತಿಯಂತೆ ಹೊದ್ದುಕೊಂಡು ಹಿರಿಯರ ಮುಂದೆ ಕೂರುತ್ತೇನೆ.

ಸಿಬೊನೆಲೊನ ಚಿಕ್ಕಪ್ಪಂದಿರು ಗೇಟಿನಾಚೆ ನಿಂತು, ಒಳಗೆ ಬಿಡಿ ಎಂದು ನಮ್ಮ ಕುಲದ ಹೆಸರುಗಳನ್ನು ಕೂಗಿ ಹೊಗಳುತ್ತಾರೆ. ನೀನು ಕರಗಬೇಡ ಕಣೇ. ಚಿಕ್ಕಪ್ಪಂದಿರ ಕೈಗೆ ಛತ್ರಿ ಕೊಟ್ಟು ಕಳಿಸು ಎಂದು ಸಿಬೊನೆಲೊಗೆ ಹೇಳಿದ್ದೇನೆ, ಪಾಪ.

ದೊಡ್ಡಪ್ಪ ರೇಗಿದರೆ ಇಷ್ಟೇ ಹೇಳು: "ಗಂಡಿನ ಕಡೆಯವರನ್ನ ಗೇಟಲ್ಲಿ ಕಾಯಿಸೋದು ನಮ್ಮ ಸಂಪ್ರದಾಯ ಅಂತ ನೀವೇ ಹೇಳ್ತಿದ್ರಲ್ಲ?"

ಗೇಟಿಗೆ ಬೀಗ ಹಾಕಿದ್ದೇನೆ. ಕೀ ನನ್ನ ಬ್ಯಾಗಿನಲ್ಲಿದೆ.

ನೊಕುಬೊಂಗ