ಮಣೆಯ ಮೇಲಿನ ಫೋಟೋ

ದುಮ್ಮವಾಡ
೩ ಸೆಪ್ಟೆಂಬರ್ ೨೦೨೫

ಪ್ರೀತಿಯ ಶಂಭಣ್ಣಾ,

ಸಾಷ್ಟಾಂಗ ನಮಸ್ಕಾರ ಎಂದು ಬರೆಯಬೇಕಿತ್ತು. ಎಂಟು ಅಂಗಗಳಲ್ಲಿ ಕೆಲವು ರಜೆಯಲ್ಲಿರುವುದರಿಂದ ಬರಿಯ ನಮಸ್ಕಾರ. ನಿನ್ನ ಮೊಣಕಾಲು ನೋವು ಹೇಗಿದೆ? ನೋವಾದರೂ ಇದೆಯಲ್ಲ, ಪುಣ್ಯವಂತ. ಇಳಕಲ್ಲಿನಲ್ಲಿ ಅತ್ತಿಗೆ, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ಫೋನು ಮಾಡಲಿಲ್ಲ, ಏಕೆಂದರೆ ಫೋನಿನಲ್ಲಿ ನೀನೊಬ್ಬನೇ ಮಾತಾಡುತ್ತೀ.

ನನ್ನ ಬಲತೊಡೆಯ ಎಲುಬು ಮೊಣಕಾಲಿನ ಹತ್ತಿರ ಮುರಿದಿದೆ. ನಿನಗದು ಗೊತ್ತು, ಊರಿಗೆಲ್ಲ ಸಾರಿದವನೇ ನೀನು: 'ಅಮೃತಾ ಮಂಚದಿಂದ ಕುರ್ಚಿಗೆ ಕುಂದ್ರಿಸೂ ಮುಂದ ಕೆಡವ್ಯಾಳ.' ನಾಲ್ಕು ವರ್ಷದ ಹಿಂದೆ ನಾನು ಬಣವೆಯಿಂದ ಬಿದ್ದು ಬೆನ್ನುಹುರಿ ಕೆಟ್ಟಾಗಿನಿಂದ ನನ್ನ ಹೆಂಡತಿ ದಿನಕ್ಕೆ ನಾಲ್ಕು ಸಲ ನನ್ನನ್ನು ಎತ್ತಿದ್ದಾಳೆ. ಒಂದು ತರಚು ಗಾಯವೂ ಆಗಿಲ್ಲ. ಕೆಡವಿದಳಂತೆ!

ಶ್ರಾವಣದ ಮೂರನೆಯ ಸೋಮವಾರ ನೆನಪಿದೆಯೇ? ಗಾಲಿಕುರ್ಚಿಯಲ್ಲೇ ಕುಳಿತು ಅಂಗೈಯಲ್ಲಿ ಲಿಂಗ ಹಿಡಿದಿದ್ದೆ. ನೀನು ಬಂದವನೇ, 'ಕುರ್ಚಿ ಮ್ಯಾಲ ಕುಂತು ಲಿಂಗಪೂಜಿ ಮಾಡ್ತಾರೇನಲೇ ಗೌರ್ಯಾ? ಅಪ್ಪ ಇದ್ದಿದ್ರ ಏನಂತಿದ್ದಾ?' ಎಂದೆ. ಅಮೃತಾ ಕೈ ಮುಗಿದಳು: 'ಬ್ಯಾಡ್ರಿ ಭಾವಾರ, ಕಾಲು ಮಡಚಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ್ರಿ.' 'ನೀ ಸುಮ್ನಿರವಾ, ಅರಿವಿ ಮಡಚಿಧಂಗ ಮಡಚತೇನಿ' ಎಂದು ನೀನು ನನ್ನನ್ನು ಮಣೆಯ ಮೇಲಿಳಿಸಿ, ಕಾಲು ತಿರುವಿ ಚಕ್ಕಳಮಕ್ಕಳ ಹಾಕಿಸಿದೆ. ಫೋಟೋ ತೆಗೆದು ಬಳಗದ ವಾಟ್ಸಾಪ್ ಗುಂಪಿಗೂ ಹಾಕಿದೆ.

ಭಾರ ಹೊರದ ಎಲುಬು ಒಳಗೊಳಗೇ ಸವೆಯುತ್ತದೆ ಅಣ್ಣಾ. ನನ್ನ ಕಾಲಿನಲ್ಲಿ ಕಾಲುಭಾಗದ ಗಟ್ಟಿತನವೂ ಉಳಿದಿಲ್ಲ. ಹುಬ್ಬಳ್ಳಿಯ ಡಾಕ್ಟರು ಎಕ್ಸರೇ ನೋಡಿ, 'ಎಲುಬು ಸಂಡಿಗಿ ಆಗ್ಯಾವ್ರಿ ಸರ, ಯಾರ್ ತಿರುವಿದ್ರು ಇದನ್ನ?' ಎಂದರು. ಸೊಂಟದ ಕೆಳಗಿನ ಸುದ್ದಿ ನನಗೆ ಮುಟ್ಟುವುದಿಲ್ಲ. ಮೂರು ದಿನದ ಮೇಲೆ ಬಾವು, ಜ್ವರ ಕಂಡು ಆಸ್ಪತ್ರೆಗೆ ಒಯ್ದವಳೂ ಅಮೃತಾಳೇ. ನಿನ್ನನ್ನು ಮನೆತನದ ಬೆನ್ನೆಲುಬು ಎನ್ನುತ್ತಾರೆ. ಬೆನ್ನೆಲುಬು ಕೈಕೊಟ್ಟರೆ ಏನಾಗುತ್ತದೆಂದು ನನ್ನನ್ನು ಕೇಳು!

ನಿನ್ನ ಮಾತು ಕಿವಿಗೆ ಬಿದ್ದ ದಿನವೇ ಅಮೃತಾ ಬಮ್ಮಿಗಟ್ಟಿಗೆ, ತವರಿಗೆ ಹೋದಳು. ಈಗ ಶಾರದವ್ವ ಚಿಗವ್ವ ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಈ ಭಾನುವಾರ ನೀನು ಬಮ್ಮಿಗಟ್ಟಿಗೆ ಹೋಗಿ, ಅವಳ ಅಪ್ಪನ ಎದುರು ತಪ್ಪು ನಿನ್ನದೆಂದು ಹೇಳಬೇಕು. ಬಳಗದ ಗುಂಪಿನಲ್ಲೂ ಹಾಗೆಯೇ ಬರೆಯಬೇಕು. ಇಲ್ಲವಾದರೆ ನಮ್ಮ ಹೊಸ್ತಿಲು ತುಳಿಯಬೇಡ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನಗೆ ಸದ್ಯಕ್ಕೆ ಏನೂ ಇಲ್ಲ.

ಇತಿ ನಿನ್ನ ತಮ್ಮ,
ಗೌರೀಶ

ತಾ.ಕ.: ಮಡಚುವಾಗ 'ಟಕ್' ಎಂದದ್ದು ನನಗೂ ಕೇಳಿಸಿತ್ತು. ನಾಲ್ಕು ವರ್ಷದ ಮೇಲೆ ನೆಲಕ್ಕೆ ಕುಳಿತಿದ್ದೆ, ಹೇಳಿದರೆ ಎಬ್ಬಿಸಿಬಿಡುತ್ತೀರೆಂದು ಸುಮ್ಮನಿದ್ದೆ. ಡಾಕ್ಟರು ಕೇಳಿದಾಗಲೂ, ಊರು ಆಡಿಕೊಂಡಾಗಲೂ ಬಾಯಿ ಬಿಡಲಿಲ್ಲ. ನಿನ್ನ ಮಾತೊಂದೇ ಆಗಿದ್ದರೆ ಅಮೃತಾ ಹೇಗೋ ತಡೆದುಕೊಳ್ಳುತ್ತಿದ್ದಳು. ಹೊರಡುವಾಗ ಅವಳು ನೋಡಿದ್ದು ನನ್ನ ಮುಖ. ಭಾನುವಾರ ಒಬ್ಬನೇ ಹೋಗಬೇಡ. ನನ್ನನ್ನು ಕಾಲು ಚಾಚಿ ಮಲಗಿಸಿ ಒಯ್ಯುವಂಥ ಗಾಡಿ ತೆಗೆದುಕೊಂಡು ಮೊದಲು ಇಲ್ಲಿಗೆ ಬಾ. ಅವಳೆದುರು ಮೊದಲು ನಾನು ಮಾತಾಡಬೇಕು.