ಕೊಳೆ ಯಾರ ಕಡೆ?

ಅತ್ತೆಯವರಿಗೆ ನಮಸ್ಕಾರ.

ಕಿಟಕಿ ಜಗಳದಲ್ಲಿ ನೀವೂ ಗೆದ್ದಿರಿ, ನಾನೂ ಗೆದ್ದೆ. ನೀವು ಮುನಿಸಿಕೊಂಡು ನಾದಿನಿಯ ಮನೆಗೆ ಹೊರಟ ಮರುದಿನವೇ ಗಾಜಿನವನನ್ನು ಕರೆಸಿದೆ. ನೀವು ಕೋಣೆಯೊಳಗಿಂದ, ನಾನು ಬಾಲ್ಕನಿಯಿಂದ, "ಕೊಳೆ ನಿನ್ನ ಕಡೆ", "ಅಲ್ಲ, ನಿಮ್ಮ ಕಡೆ" ಎನ್ನುತ್ತಾ ಕೈ ಸೋಲುವ ತನಕ ಒರೆಸಿದ್ದೇ ಬಂತು. ಆತ ಗಾಜು ಮುಟ್ಟಿ ನೋಡಿ ನಕ್ಕುಬಿಟ್ಟ.

"ಇದು ಜೋಡಿ ಗಾಜು ಅಕ್ಕಾ. ಅಂಚಿನ ಸೀಲ್ ಬಿಟ್ಟು ಎರಡರ ಮಧ್ಯೆ ತೇವ ಸೇರ್ಕೊಂಡಿದೆ. ಜನ್ಮಪೂರ್ತಿ ತಿಕ್ಕಿದ್ರೂ ಹೋಗಲ್ಲ."

ಚೌಕಟ್ಟು ಹಾಗೇ ಉಳಿಸಿ, ಜೋಡಿ ಗಾಜನ್ನಷ್ಟೇ ಬದಲಿಸಿಕೊಟ್ಟ. ಈಗ ಅಲ್ಲಿ ಗಾಜು ಇದೆಯೆಂದೇ ಗೊತ್ತಾಗುವುದಿಲ್ಲ. ನಿನ್ನೆ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ನಿಮ್ಮ ಮಗ, ಕಿಟಕಿ ತೆರೆದಿದೆ ಎಂದುಕೊಂಡು, ಕಾಫಿ ಕೇಳಲು ಒಳಗಿಂದ ತಲೆ ಹಾಕಿದರು. ಗಾಬರಿಯಾಗಬೇಡಿ, ಮೂಗು ನೆಟ್ಟಗಿದೆ. ನಾನು ಬಿದ್ದು ಬಿದ್ದು ನಕ್ಕೆ. ಆದರೆ ಅವರ ಪೆಚ್ಚು ಮೋರೆ ನೋಡಿ ಒಬ್ಬಳೇ ನಗುವುದರಲ್ಲಿ ಏನು ಸುಖ?

ಭಾನುವಾರ ಬಂದುಬಿಡಿ. ಸಿಟ್ಟಿನಲ್ಲಿ ಚೀಲಕ್ಕೆ ತುರುಕಿಕೊಂಡು ಹೋದ ಒರೆಸುವ ಬಟ್ಟೆಯನ್ನೂ ಮರೆಯದೆ ತನ್ನಿ. ಅವರ ಮೂಗಿನ ಗುರುತು ಗಾಜಿನ ಮೇಲೆ ಹಾಗೇ ಇದೆ. ನಾನು ಮುಟ್ಟಿಲ್ಲ.

ಅದು ಮಾತ್ರ ಖಂಡಿತ ನಿಮ್ಮ ಕಡೆ.

ದಾರಿ ಕಾಯುತ್ತಿರುವ,
ನಿಮ್ಮ ಸೊಸೆ